ಓಣಿ ಮಾಡುತ್ತಿದ್ದ ಕೆಲಸ ಈಗ ಯಾರು ಮಾಡಬೇಕು?

ಪ್ರಶ್ನೆ: ಅಯ್ಯನವರಿಗೆ ವಂದನೆ. ನಾವು ಬಾಗಲಕೋಟೆ ನವನಗರದಲ್ಲಿ ಇದ್ದೇವೆ. ನಮ್ಮ ಸಭೆಯಲ್ಲಿ ನೂರಕ್ಕೂ ಜಾಸ್ತಿ ಮನೆಗಳಿವೆ. ಭಾನುವಾರದ ಆರಾಧನೆ, ಶುಕ್ರವಾರದ ಉಪವಾಸ ಪ್ರಾರ್ಥನೆ, ತಿಂಗಳಿಗೊಮ್ಮೆ ಸ್ತ್ರೀಯರ ಕೂಟ ಮೊದಲಿಂದಲೂ ನಡೆಯುತ್ತಿವೆ. ಈಗ ಹೊಸದಾಗಿ ಬಂದ ಪಾಸ್ಟರು ಸೆಕ್ಟರ್ ಪ್ರಕಾರ ಮನೆಗಳನ್ನು ಹಂಚಿ, ವಾರಕ್ಕೊಂದು ದಿನ ಮನೆಕೂಟ ಮಾಡಿ ಎಂದಿದ್ದಾರೆ. ನಮ್ಮ ಯಜಮಾನರನ್ನೇ ಒಂದು ಗುಂಪಿಗೆ ಲೀಡರ್ ಮಾಡಿದ್ದಾರೆ. ಅವರಿಗೆ ಬೋಧನೆ ಮಾಡಿ ಗೊತ್ತಿಲ್ಲ. ನಾಲ್ಕು ಜನರ ಎದುರು ಪ್ರಾರ್ಥನೆ ಮಾಡಲಿಕ್ಕೂ ನಾಚುತ್ತಾರೆ. ನಮ್ಮ ಅತ್ತೆಯವರು "ಹಳೇ ಊರಾಗ ಇದ್ದಾಗ ಇದ್ಯಾವ್ದೂ ಇರಲಿಲ್ಲ, ಆಗೇನು ನಾವು ಕ್ರೈಸ್ತರಾಗಿರಲಿಲ್ಲೇನು?" ಎನ್ನುತ್ತಾರೆ. ಮನೆಮನೆಯಲ್ಲಿ ಕೂಡಿದರೆ ಚಾಡಿ ಮಾತು ಬೆಳೆಯುತ್ತದೆ ಅನ್ನೋದು ನನ್ನ ಭಯ. ಚರ್ಚಿನಲ್ಲಿ ಸಿಗದಿದ್ದದ್ದು ಈ ಮನೆಕೂಟದಲ್ಲಿ ಏನು ಸಿಗುತ್ತದೆ? ಇದರ ಉದ್ದೇಶವಾದರೂ ಏನು?

ಉತ್ತರ:

ತಂಗಿ, ಮೊದಲು ನಿಮ್ಮ ಅತ್ತೆಯವರ ಮಾತು ತೆಗೆದುಕೊಳ್ಳುತ್ತೇನೆ. ಅವರು ವಾದಕ್ಕೆ ಆಡಿದ ಮಾತಿನಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

ಹಳೇ ಊರಿನಲ್ಲಿ ಮನೆಕೂಟ ಇರಲಿಲ್ಲ, ಸರಿ. ಆದರೆ ಓಣಿ ಇತ್ತಲ್ಲ! ಎರಡು ಮನೆಗೆ ಒಂದೇ ಗೋಡೆ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವಾಗ ಎದುರು ಮನೆಯ ಬಾಗಿಲು ಮಧ್ಯಾಹ್ನದವರೆಗೂ ತೆರೆದಿಲ್ಲ ಅಂದರೆ ಗೊತ್ತಾಗುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ ಅಂದರೂ ಗೊತ್ತಾಗುತ್ತಿತ್ತು. "ಯಾಕವಾ, ಆರಾಮಿಲ್ಲೇನು?" ಎಂದು ಯಾರಾದರೂ ಬಂದು ಕೇಳುತ್ತಿದ್ದರು. ಅದಕ್ಕೆ ಲೀಡರ್ ಬೇಕಿರಲಿಲ್ಲ, ಪಟ್ಟಿ ಬೇಕಿರಲಿಲ್ಲ. ಆಮೇಲೆ ಆಲಮಟ್ಟಿ ಹಿನ್ನೀರು ಬಂತು. ಹಳೇ ಊರಿನ ಎಷ್ಟೋ ಮನೆಗಳು ಹೋದವು. ಜನ ನವನಗರಕ್ಕೆ ಬಂದರು. ಅಗಲ ರಸ್ತೆ, ಕಂಪೌಂಡು, ಕಬ್ಬಿಣದ ಗೇಟು, ಎಲ್ಲಾ ಚೆನ್ನಾಗಿದೆ. ಪ್ಲಾಟು ಹಂಚುವಾಗ ಓಣಿಯನ್ನು ಓಣಿಯಾಗಿಯೇ ಎತ್ತಿ ಇಡಲಿಕ್ಕೆ ಆಗುವುದಿಲ್ಲವಲ್ಲ. ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದವರು ಈಗ ಬೇರೆ ಬೇರೆ ಸೆಕ್ಟರಿನಲ್ಲಿದ್ದಾರೆ. ಅವರಿಗೆ ಜ್ವರ ಬಂದರೆ ಇವರಿಗೆ ಗೊತ್ತಾಗುವುದು ವಾಟ್ಸ್ಆ್ಯಪ್‌ನಲ್ಲಿ, ಅದೂ ಯಾರಾದರೂ ಹಾಕಿದರೆ.

ನಿಮ್ಮ ಪಾಸ್ಟರು ಸೆಕ್ಟರ್ ಪ್ರಕಾರ ಮನೆ ಹಂಚಿದ್ದು ಯಾಕೆ ಎಂದು ನನಗೆ ಅನ್ನಿಸುವುದು ಇಷ್ಟು. ಓಣಿ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಕೂತು, ಯೋಚಿಸಿ, ದಿನ ಗೊತ್ತುಮಾಡಿ ಮಾಡಬೇಕಾಗಿದೆ. ಸಭೆಯಲ್ಲಿ ಒಬ್ಬರು ಕಾಣದಿದ್ದರೆ, ಕಾಣಲಿಲ್ಲ ಅನ್ನುವುದು ಇನ್ನೊಬ್ಬರಿಗೆ ತಟ್ಟಬೇಕು. ಮನೆಕೂಟದ ಮೊದಲ ಉದ್ದೇಶ ಇದೇ ಎಂದು ನಾನು ನಂಬಿದ್ದೇನೆ. ವಾಕ್ಯ ಧ್ಯಾನ, ಹಾಡು, ಪ್ರಾರ್ಥನೆ ಎಲ್ಲಾ ಬೇಕು. ಆದರೆ ಅವು ಭಾನುವಾರವೂ ಸಿಗುತ್ತವೆ. ಇದು ಭಾನುವಾರ ಸಿಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ನಾಚಿಕೆಪಟ್ಟು ಕಲಿತೆ. ವಿಜಯಪುರದಲ್ಲಿ ಸಭಾಪಾಲಕನಾಗಿದ್ದ ಕಾಲ. ಮಾರ್ಕೆಟ್‌ನಲ್ಲಿ ಹಮಾಲಿ ಮಾಡುವ ಒಬ್ಬ ಅಣ್ಣ ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ, ಕಿಟಕಿ ಪಕ್ಕ ಕೂರುತ್ತಿದ್ದ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕೊಡುತ್ತಿದ್ದೆ. "ಆರಾಮ?" "ಆರಾಮರಿ." ಮುಗೀತು. ಒಂದು ದಿನ ಗಾಂಧಿ ಚೌಕದ ಹತ್ತಿರ ಸಿಕ್ಕ. "ಏನಪ್ಪಾ, ಕಾಣಲೇ ಇಲ್ಲವಲ್ಲ ಇತ್ತೀಚೆಗೆ" ಎಂದೆ. ಆತ ಚೀಲ ಕೆಳಗಿಟ್ಟು ಹೇಳಿದ: "ಆಕಿ ಹೋಗಿ ಇಪ್ಪತ್ತೆರಡು ದಿನ ಆತ್ರಿ." ಅವನ ಹೆಂಡತಿ. ನನ್ನ ಸಭೆಯವಳು, ನಾನೇ ದೀಕ್ಷಾಸ್ನಾನ ಕೊಟ್ಟವಳು. ಅವಳ ಊರಿಗೆ ಒಯ್ದು ಮಣ್ಣು ಮಾಡಿದ್ದರು. ಆ ಮೂರು ಭಾನುವಾರವೂ ನಾನು ಪ್ರಸಂಗ ಪೀಠದಿಂದ ಪ್ರಕಟಣೆ ಓದಿದ್ದೆ: ಎರಡು ಮದುವೆ, ಒಂದು ಗೃಹಪ್ರವೇಶ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಅವರ ಬಾಡಿಗೆ ಮನೆಯ ಹಿಂದಿನ ಗಲ್ಲಿಯಲ್ಲೇ ನಮ್ಮ ಸಭೆಯ ಎರಡು ಕುಟುಂಬ ಇದ್ದವು. ಒಂದೇ ಚರ್ಚಿನಲ್ಲಿ ವರ್ಷಗಟ್ಟಲೆ ಕೂತಿದ್ದಾರೆ. ಒಬ್ಬರ ಮನೆ ಎಲ್ಲಿದೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಮುಂದಿನ ತಿಂಗಳೇ ನಾನು ಮನೆಗಳ ಪಟ್ಟಿ ತೆಗೆದು ಗಲ್ಲಿ ಪ್ರಕಾರ ಬರೆಯಲು ಕೂತೆ.

ಅತ್ತೆಯವರು "ಇದು ಹೊಸ ಫ್ಯಾಷನ್" ಎಂದೂ ಅಂದಿರಬಹುದು. ಹಾಗಂದರೆ ಅವರಿಗೆ ಒಂದೆರಡು ಹಳೇ ಕಥೆ ಹೇಳಿ. ಸಭೆ ಹುಟ್ಟಿದ್ದೇ ಮನೆಯಲ್ಲಿ. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ತೆಗೆದರೆ ಮೊದಲ ವಿಶ್ವಾಸಿಗಳು ದೇವಾಲಯದಲ್ಲೂ ಕೂಡುತ್ತಿದ್ದರು, ಮನೆಗಳಲ್ಲಿ ರೊಟ್ಟಿಯನ್ನೂ ಮುರಿಯುತ್ತಿದ್ದರು. ಎರಡೂ ಇತ್ತು, ಗಮನಿಸಿ. ಪೌಲ ತನ್ನ ಪತ್ರಗಳಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಫಿಲೆಮೋನನ ಮನೆಯ ಸಭೆಗೂ ಹೇಳುತ್ತಾನೆ. ಪೇತ್ರ ಸೆರೆಮನೆಯಿಂದ ಬಿಡುಗಡೆಯಾಗಿ ರಾತ್ರಿಯಲ್ಲಿ ಎಲ್ಲಿಗೆ ಹೋದ? ಮಾರ್ಕನೆನಿಸಿಕೊಂಡ ಯೋಹಾನನ ತಾಯಿ ಮರಿಯಳ ಮನೆಗೆ. ಅಲ್ಲಿ ಬಹಳ ಜನ ಕೂಡಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಬಡಿದಾಗ ರೋದೆ ಎಂಬ ಹುಡುಗಿ ಅವನ ದನಿ ಗುರುತು ಹಿಡಿದಳು. ಖುಷಿಗೆ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು! ಬರೀ ದನಿ ಕೇಳಿ ಗುರುತು ಹಿಡಿಯುವಷ್ಟು ಪರಿಚಯ. ನಮ್ಮ ಎಷ್ಟು ಸಭೆಗಳಲ್ಲಿ ಈಗ ಅಷ್ಟು ಪರಿಚಯ ಇದೆ?

ಸಿರಿಯಾ ದೇಶದಲ್ಲಿ, ಯೂಫ್ರಟಿಸ್ ನದಿಯ ದಡದ ದುರಾ ಯೂರೋಪಸ್ ಎಂಬಲ್ಲಿ 1930ರ ದಶಕದಲ್ಲಿ ನೆಲ ಅಗೆದಾಗ ಒಂದು ಮನೆ ಸಿಕ್ಕಿತು. ಮೂರನೇ ಶತಮಾನದ ನಡುಭಾಗಕ್ಕೆ ಸೇರಿದ ಮಾಮೂಲಿ ಮನೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಹಾಲ್ ಮಾಡಿಕೊಂಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ನಮ್ಮಲ್ಲಿ ಮಗನ ಮದುವೆಗೆ ಗೋಡೆ ಒಡೆದು ಪಡಸಾಲೆ ದೊಡ್ಡದು ಮಾಡಿಕೊಳ್ಳುತ್ತೇವಲ್ಲ, ಹಾಗೇ.

ನಮ್ಮ ಉತ್ತರ ಕರ್ನಾಟಕದ ಸಭೆಗಳಿಗೆ ಇನ್ನೂ ಹತ್ತಿರದ ಕಥೆ ಒಂದಿದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಆಮೇಲೆ ನಿಮ್ಮ ಪಕ್ಕದ ಗುಳೇದಗುಡ್ಡದಲ್ಲೂ ನೇಕಾರರ ನಡುವೆ ನೆಲೆ ಮಾಡಿದರು. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಭಕ್ತರು ಚರ್ಚಿನ ಆರಾಧನೆಯ ಜೊತೆಗೆ ಮನೆಗಳಲ್ಲಿ ಕೂಡಿ ವಾಕ್ಯ ಓದುತ್ತಿದ್ದರು. ಆ ಕೂಟಕ್ಕೆ ಅವರು 'ಒಂದು ಗಂಟೆ' ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡಿದ್ದರು. ಸರಕಾರಕ್ಕೆ ಮೊದಮೊದಲು ಅನುಮಾನ. ಕೊನೆಗೆ 1743ರಲ್ಲಿ ಕೆಲವು ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು, 1670ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಸ್ಪೆನರ್ ಎಂಬ ಪಾದ್ರಿ ತನ್ನ ಮನೆಯಲ್ಲೇ ಇಂಥ ಕೂಟ ಶುರು ಮಾಡಿದ್ದ. ಅಂದರೆ ನಮ್ಮ ಅಜ್ಜಂದಿರಿಗೆ ಕನ್ನಡದಲ್ಲಿ ಸುವಾರ್ತೆ ಹೇಳಿದ ಎಷ್ಟೋ ಮಂದಿ ಮನೆಕೂಟದ ಹುಲ್ಲುಗಾವಲಲ್ಲೇ ಮೇದು ಬೆಳೆದವರು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಥೆ. ಬೆಳಗಾವಿಯ ಮೆಥೊಡಿಸ್ಟ್ ಸಭೆಯವರಿಗೆ ಇದು ಮನೆಯ ಹಿರಿಯರ ಕಥೆ ಇದ್ದ ಹಾಗೆ. ಅದು ಶುರುವಾದದ್ದು ಭಕ್ತಿಯಿಂದ ಅಲ್ಲ, ಸಾಲದಿಂದ!

1742ರ ಫೆಬ್ರವರಿ. ಇಂಗ್ಲೆಂಡಿನ ಬ್ರಿಸ್ಟಲ್ ಊರು. ಕೂಡಲಿಕ್ಕೆ ಕಟ್ಟಡ ಕಟ್ಟಿದ್ದರು, ಸಾಲ ಆಗಿತ್ತು. ತೀರಿಸುವುದು ಹೇಗೆ ಎಂದು ಕೂತು ಮಾತಾಡಿದರು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಮಾತು ಬಂತು. ಇನ್ನೊಬ್ಬರು, ಬಹಳ ಜನ ಬಡವರಿದ್ದಾರೆ, ಅವರಿಂದ ಅದೂ ಆಗುವುದಿಲ್ಲ ಎಂದರು. ಆಗ ಕ್ಯಾಪ್ಟನ್ ಫಾಯ್ ಎನ್ನುವವರು ಎದ್ದು, ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಕೊಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಕೊಡಲಾಗದಿದ್ದರೆ ಅವರ ಪಾಲು ನಾನೇ ಹಾಕುತ್ತೇನೆ ಎಂದರಂತೆ. ಉಳಿದವರೂ ಹಾಗೇ ಹನ್ನೊಂದು ಹನ್ನೊಂದು ಜನರನ್ನು ಹಂಚಿಕೊಂಡರು. ತನ್ನನ್ನೂ ಸೇರಿಸಿ ಹನ್ನೆರಡು.

ಪೆನ್ನಿ ಕೇಳಲು ಬಾಗಿಲಿಗೆ ಹೋದವರಿಗೆ ಒಳಗಿನದೆಲ್ಲ ಕಾಣತೊಡಗಿತು. ಒಬ್ಬ ಕುಡಿಯುತ್ತಿದ್ದಾನೆ, ಒಬ್ಬರ ಮನೆಯಲ್ಲಿ ಗಂಡ ಹೆಂಡತಿ ಜಗಳ, ಇನ್ನೊಬ್ಬಳು ಹಾಸಿಗೆ ಹಿಡಿದಿದ್ದಾಳೆ. ಇದನ್ನು ಬಂದು ವೆಸ್ಲಿಗೆ ಹೇಳಿದರು. ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಅನ್ನಿಸಿತು. ಆಮೇಲೆ ಮನೆಮನೆ ತಿರುಗುವುದು ಕಷ್ಟವಾಗಿ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದು ಕಡೆ ಕೂಡತೊಡಗಿದರು. ಸಾಲದ ಪಟ್ಟಿ ಹಿಂದೆ ಬಿತ್ತು, ಕೂಟ ಉಳಿಯಿತು.

ನಮ್ಮಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ವಾರದ ಕಂತು ಕಟ್ಟಲು ಕೂಡುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಬ್ರಿಸ್ಟಲ್ ನೆನಪಾಗುತ್ತದೆ. ಕಂತು ತರದವಳು ಯಾಕೆ ತರಲಿಲ್ಲ ಎಂದು ಕೇಳಿದ ಕೂಡಲೇ ಆ ಮನೆಯ ಕಥೆ ಹೊರಗೆ ಬರುತ್ತದೆ. ಕೇಳುವುದು ವಸೂಲಿಗೋ ಕಾಳಜಿಗೋ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಇನ್ನು ನಿಮ್ಮ ಯಜಮಾನರ ವಿಷಯ. ಬೋಧನೆ ಬರುವುದಿಲ್ಲ ಅಂದಿರಿ. ಒಳ್ಳೆಯದೇ ಆಯಿತು! ಸುಮ್ನೆ ಹೇಳುತ್ತಿಲ್ಲ. ನಾನು ನೋಡಿದ ಮನೆಕೂಟಗಳಲ್ಲಿ ಬೇಗ ಸತ್ತವು ಯಾವು ಗೊತ್ತಾ? ಲೀಡರಿಗೆ ಮಾತು ಚೆನ್ನಾಗಿ ಬರುತ್ತಿದ್ದವು. ಆತ ಮುಕ್ಕಾಲು ಗಂಟೆ ಪ್ರಸಂಗ ಮಾಡುತ್ತಾನೆ. ಉಳಿದವರು ಭಾನುವಾರ ಬೆಂಚಿನ ಮೇಲೆ ಕೂತ ಹಾಗೆ ಇಲ್ಲಿ ಚಾಪೆ ಮೇಲೆ ಕೂರುತ್ತಾರೆ. ಮೂರನೇ ತಿಂಗಳಿಗೆ ನಾಲ್ಕೇ ಜನ.

ಬೋಧಕನಿಲ್ಲದೆ ವಾಕ್ಯ ಓದಲು ಕೆಥೊಲಿಕರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಅವರು ಇಂಥ ಗುಂಪಿಗೆ ಕಿರು ಕ್ರೈಸ್ತ ಸಮುದಾಯ ಎನ್ನುತ್ತಾರೆ. 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಬಿಷಪ್ಪರು ಇದನ್ನು ಗಟ್ಟಿಯಾಗಿ ಹಿಡಿದರು. 1990ರಲ್ಲಿ ಏಷ್ಯಾದ ಬಿಷಪ್ಪರು ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಕೂಡಿದಾಗ ಅವರೂ ಇದೇ ದಾರಿ ಹಿಡಿದರು. ಓದುವ ಪದ್ಧತಿ ಮಾತ್ರ ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ತರಬೇತಿ ಸಂಸ್ಥೆಯದು. ಏಳು ಹೆಜ್ಜೆ. ನಾವು ಬೇರೆ ಸಭೆಯವರು ಎಂದು ಬಿಡಬೇಕಾಗಿಲ್ಲ. ಒಳ್ಳೆಯ ಬೀಜ ಯಾರ ಹೊಲದ್ದಾದರೇನು.

ಹೀಗೆ ಮಾಡಿ. ಯಾರಾದರೂ ಒಬ್ಬರು ಕರ್ತನನ್ನು ನಮ್ಮ ನಡುವೆ ಬಾ ಎಂದು ಕರೆಯಲಿ, ಎರಡು ಮಾತು ಸಾಕು. ಇನ್ನೊಬ್ಬರು ವಾಕ್ಯಭಾಗ ಓದಲಿ. ಓದಿದ ಮೇಲೆ ಯಾರಿಗೆ ಯಾವ ಪದ, ಯಾವ ಮಾತು ತಟ್ಟಿತೋ ಅದನ್ನಷ್ಟೇ ಅವರು ಗಟ್ಟಿಯಾಗಿ ಹೇಳಲಿ. ವಿವರಣೆ ಬೇಡ. ಆಮೇಲೆ ಎರಡು ಮೂರು ನಿಮಿಷ ಎಲ್ಲರೂ ಸುಮ್ಮನಿರಿ. ನಮ್ಮವರಿಗೆ ಇದೇ ಅತಿ ಕಷ್ಟ, ಯಾರಾದರೂ ಹಾಡು ಎತ್ತಿಬಿಡುತ್ತಾರೆ! ಆಮೇಲೆ ಆ ಮಾತು ತನಗೆ ಯಾಕೆ ತಟ್ಟಿತು ಎಂದು ಬೇಕಾದವರು ಹೇಳಲಿ. ಆರನೇ ಹೆಜ್ಜೆಯಲ್ಲಿ, ಈ ವಾರ ನಾವು ಏನು ಮಾಡಬೇಕು, ಯಾರು ಮಾಡಬೇಕು ಎಂದು ಮಾತಾಡಿ. ಕೊನೆಗೆ ಪ್ರಾರ್ಥನೆ. ಬಹಳ ಗುಂಪುಗಳು ಆರನೆಯದನ್ನು ಹಾರಿಸಿ ಏಳನೆಯದಕ್ಕೆ ಹೋಗುತ್ತವೆ. ನನ್ನನ್ನು ಕೇಳಿದರೆ ಆರನೆಯದೇ ಇಡೀ ಕೂಟದ ಬೆನ್ನೆಲುಬು.

ಒಂದು ಸಂಜೆ ಹೇಳುತ್ತೇನೆ. ಬೆಳಗಾವಿಯ ವಡಗಾವಿಯಲ್ಲಿ ಒಂದು ಸಣ್ಣ ಮನೆ. ಪಕ್ಕದಲ್ಲೇ ಪವರ್‌ಲೂಮು, ಖಟಖಟ ಸದ್ದು ನಿಲ್ಲುವುದೇ ಇಲ್ಲ. ಒಂಬತ್ತು ಜನ ಕೂತಿದ್ದೆವು, ಹತ್ತನೆಯದು ತೊಡೆ ಮೇಲೆ ಮಲಗಿದ್ದ ಕೂಸು. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ, ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದ ಭಾಗ. ಓದು ಬಾರದ ಒಬ್ಬ ಅವ್ವ ಇದ್ದಳು. ಅವಳಿಗೆ ತಟ್ಟಿದ್ದು "ನಾಲ್ಕು ಮಂದಿ" ಅನ್ನುವ ಎರಡೇ ಪದ. ಯಾಕವ್ವಾ ಎಂದೆವು. "ಒಬ್ಬಾಕಿ ಕೈಲೆ ಆಗ್ತಿದ್ದಿಲ್ಲ ಅದು" ಎಂದಳು. ನಾನು ಆ ಭಾಗದ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇನೆ. ಮಾಳಿಗೆ, ಪಾಪಕ್ಷಮೆ, ಶಾಸ್ತ್ರಿಗಳು ಎಲ್ಲಾ ಹೇಳಿದ್ದೇನೆ. ಹೊರುವುದಕ್ಕೆ ನಾಲ್ಕು ಜನ ಬೇಕಾಯಿತು ಅನ್ನುವಲ್ಲಿ ನಿಂತಿರಲಿಲ್ಲ.

ಆರನೇ ಹೆಜ್ಜೆಗೆ ಬಂದಾಗ ಅವಳ ಮಾತು ಯಾಕೆ ಬಂತು ಎಂದು ತಿಳಿಯಿತು. ಅವಳ ಗಂಡನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಒಬ್ಬಳೇ ಕರೆದುಕೊಂಡು ಹೋಗುತ್ತಿದ್ದಳು. ಹೋದ ದಿನದ ಕೂಲಿ ಹೋಗುತ್ತಿತ್ತು. ಗುಂಪಿನಲ್ಲಿ ಒಬ್ಬ ಹುಡುಗನದು ಆಟೊ. ಮಂಗಳವಾರ ತಾನು ಬಿಟ್ಟು ಬರುತ್ತೇನೆ ಎಂದ. ಒಬ್ಬ ರಿಟೈರ್ಡ್ ಮಾಸ್ತರರು ಆಸ್ಪತ್ರೆಯಲ್ಲಿ ಕೂರುತ್ತೇನೆ ಎಂದರು. ಶುಕ್ರವಾರಕ್ಕೆ ಇನ್ನಿಬ್ಬರು. ಐದು ನಿಮಿಷದಲ್ಲಿ ಮುಗಿದ ಮಾತು. ಇದೇ ವಿಷಯ ಭಾನುವಾರ ನನಗೆ ಬಂದಿದ್ದರೆ ಏನಾಗುತ್ತಿತ್ತು? ಕಮಿಟಿಗೆ ಹೋಗುತ್ತಿತ್ತು, ಸಹಾಯ ನಿಧಿಯಿಂದ ಒಂದಿಷ್ಟು ದುಡ್ಡು ಮಂಜೂರಾಗುತ್ತಿತ್ತು. ಆಟೊ ಹುಡುಗ ಸಿಗುತ್ತಿರಲಿಲ್ಲ.

ವಿಮೋಚನಕಾಂಡದ 18ನೇ ಅಧ್ಯಾಯವನ್ನು ನಿಮ್ಮ ಯಜಮಾನರಿಗೆ ಓದಲು ಹೇಳಿ. ಮೋಶೆ ಬೆಳಗಿಂದ ಸಂಜೆವರೆಗೂ ಒಬ್ಬನೇ ಕೂತು ಜನರ ನ್ಯಾಯ ನೋಡುತ್ತಿರುತ್ತಾನೆ. ನೀನೂ ದಣಿಯುತ್ತೀ, ಜನರನ್ನೂ ದಣಿಸುತ್ತೀ, ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬರನ್ನು ನೇಮಿಸು ಎಂದು ಬುದ್ಧಿ ಹೇಳಿದ್ದು ಅವನ ಮಾವ ಇತ್ರೋ. ಹತ್ತು ಜನರನ್ನು ನೋಡಿಕೊಳ್ಳುವವನಿಗೆ ಮೋಶೆಯ ಹಾಗೆ ಕೋಲೆತ್ತಿ ಸಮುದ್ರ ಸೀಳುವ ಕೆಲಸ ಇರಲಿಲ್ಲ. ನಿಮ್ಮ ಯಜಮಾನರಿಗೂ ಇಲ್ಲ. ಹತ್ತು ಮನೆಯವರ ಹೆಸರು, ಮಕ್ಕಳ ಹೆಸರು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಗೋವಾಕ್ಕೆ ದುಡಿಯಲು ಹೋಗಿದ್ದಾನೆ ಇಷ್ಟು ಗೊತ್ತಿದ್ದರೆ ಅವರು ಒಳ್ಳೆಯ ಲೀಡರೇ.

ಚಾಡಿ ಮಾತಿನ ಭಯ ನಿಮ್ಮದು. ಅದು ಸುಳ್ಳು ಭಯವಲ್ಲ. ನಾನು ನಡೆಸಿದ ಒಂದು ಗುಂಪಿನಲ್ಲೇ ಆಗಿದೆ. ಒಬ್ಬ ತಾಯಿ ಅತ್ತುಕೊಂಡು, ಮಗ ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡಿದ್ದಾನೆ, ಪ್ರಾರ್ಥನೆ ಮಾಡಿ ಎಂದಳು. ಎಲ್ಲರೂ ಕಣ್ಣೀರು ಹಾಕಿ ಪ್ರಾರ್ಥಿಸಿದರು. ಮರುದಿನ ಬೆಳಿಗ್ಗೆ ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದಾಗ, ಚರ್ಚಿಗೆ ಸಂಬಂಧವೇ ಇಲ್ಲದ ಒಬ್ಬಳು "ನಿಮ್ಮ ಹುಡುಗಂದು ಎಷ್ಟು ಲಕ್ಷಂತ?" ಎಂದು ಕೇಳಿದಳು. ಆ ತಾಯಿ ಮತ್ತೆ ಕೂಟಕ್ಕೆ ಬರಲಿಲ್ಲ. ಎರಡು ಸಲ ಮನೆಗೆ ಹೋದೆ. ಚಹಾ ಕೊಟ್ಟಳು, ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ನಾನು ಎಲ್ಲಾ ಗುಂಪಿನಲ್ಲೂ ಮೊದಲ ದಿನವೇ ಎರಡು ಮಾತು ಹೇಳಿಸುತ್ತಿದ್ದೆ. ಇಲ್ಲಿ ಕೇಳಿದ್ದನ್ನು ಮನೆಯಲ್ಲಿ ಗಂಡನಿಗೂ ಹೇಳುವುದಿಲ್ಲ. ಬೇರೆಯವರ ವಿಷಯವನ್ನು ಪ್ರಾರ್ಥನೆಯ ಹೆಸರಿನಲ್ಲೂ ಎತ್ತುವುದಿಲ್ಲ. ಈ ಎರಡನೆಯದು ಬಹಳ ಮುಖ್ಯ. "ಇಂಥವರ ಮನೆಗೆ ಪ್ರಾರ್ಥನೆ ಮಾಡಿರಿ, ಪಾಪ, ಅವರಲ್ಲಿ ಏನಾಗ್ಯದ ಅಂದ್ರ..." ಎಂದು ಶುರುವಾದರೆ ಅದು ಪ್ರಾರ್ಥನೆ ಹೊದ್ದ ಚಾಡಿ. ಲೀಡರ್ ಅಲ್ಲೇ ತಡೆಯಬೇಕು. ನಾಚುವ ಸ್ವಭಾವದ ನಿಮ್ಮ ಯಜಮಾನರಿಗೆ ಕಷ್ಟವಾಗುವುದು ಇದೇ, ಪ್ರಾರ್ಥನೆ ಮಾಡುವುದಲ್ಲ. ಅವರಿಗೆ ಆಗದಿದ್ದರೆ ನೀವು ತಡೆಯಿರಿ.

ಕೆಲವು ವಿಷಯ ಗುಂಪಿಗೆ ತರುವಂಥವೇ ಅಲ್ಲ. ಒಬ್ಬ ಹೆಣ್ಣುಮಗಳು ಗಂಡ ಹೊಡೆಯುತ್ತಾನೆ ಎಂದರೆ ಅದನ್ನು ಪ್ರಾರ್ಥನಾ ವಿಷಯ ಮಾಡಿ ಮುಗಿಸಬೇಡಿ. ಅವಳ ಜೊತೆ ಒಬ್ಬರು ಒಂಟಿಯಾಗಿ ಕೂತು ಕೇಳಲಿ. 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ, ಜೀವಕ್ಕೆ ಅಪಾಯ ಎಂದರೆ 112. ಕಾಯಿಲೆ ಇದ್ದವರಿಗೆ ಪ್ರಾರ್ಥಿಸಿ, ಆಮೇಲೆ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸಿ ಎನ್ನುವವರು ನಿಮ್ಮ ಗುಂಪಿಗೆ ಬಂದರೆ ಮೊದಲು ಪಾಸ್ಟರಿಗೆ ತಿಳಿಸಿ.

ಈಗ ತಿನ್ನುವ ವಿಷಯ. ನಗಬೇಡಿ, ನಮ್ಮ ಕಡೆ ಮನೆಕೂಟಗಳನ್ನು ಕೊಂದದ್ದರಲ್ಲಿ ಶಿರಾದ ಪಾಲು ದೊಡ್ಡದು! ಮೊದಲ ವಾರ ಚಹಾ, ಬಿಸ್ಕೀಟು. ಎರಡನೇ ವಾರದ ಮನೆಯವರು ಸೂಸಲಾ ಮಾಡುತ್ತಾರೆ. ಮೂರನೆಯವರಿಗೆ ಮರ್ಯಾದೆ ಪ್ರಶ್ನೆ, ಮಿರ್ಚಿ ಭಜಿ, ಶಿರಾ. ನಾಲ್ಕನೆಯವರು ಊಟ ಮಾಡದೆ ಏಳಬೇಡಿ ಎನ್ನುತ್ತಾರೆ. ಐದನೇ ವಾರ ಕೂಲಿ ಮಾಡುವವರ ಮನೆ. ಆ ದಿನ ಅವರು ಊರಿಗೆ ಹೋಗಿರುತ್ತಾರೆ. ಆರನೇ ವಾರವೂ ಊರಲ್ಲೇ. ಯಾರಿಗೆ ಈ ಕೂಟ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರೇ ಮೊದಲು ಹೋದರು. ಅದಕ್ಕೆ ಎಲ್ಲಾ ಮನೆಯಲ್ಲೂ ಚಹಾ ಮಾತ್ರ ಎಂದು ಗಟ್ಟಿ ಮಾಡಿ. ಅತ್ತೆಯವರಿಗೆ ಬೇಜಾರಾಗಬಹುದು, ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸುವುದೇ ಎಂದು. ಹಬ್ಬಕ್ಕೆ ಕರೆದು ಹೋಳಿಗೆ ಹಾಕಿ, ಬೇಡ ಅನ್ನುವುದಿಲ್ಲ.

ಚಹಾ ಎಂದಾಗ ಇನ್ನೊಂದನ್ನೂ ಹೇಳಿಬಿಡಬೇಕು. ಎಷ್ಟೋ ಜನ ನನಗೆ, "ಸೆಕ್ಟರ್ ಪ್ರಕಾರ ಯಾಕೆ, ನಮಗೆ ಹೊಂದುವವರು ಸೇರಿಕೊಂಡು ಗುಂಪು ಮಾಡುತ್ತೇವೆ" ಎಂದಿದ್ದಾರೆ. ಹೊಂದುವವರು ಎಂದರೆ ಯಾರು? ಬಿಚ್ಚಿ ನೋಡಿದರೆ ಬೀಗರು, ಇಲ್ಲವೇ ಒಂದೇ ಜಾತಿಯಿಂದ ಬಂದವರು, ಇಲ್ಲವೇ ಒಂದೇ ಸಂಬಳದವರು. ಕ್ರೈಸ್ತರಾಗಿ ಎರಡು ಮೂರು ತಲೆಮಾರಾದರೂ ನಮ್ಮಲ್ಲಿ ಯಾರ ಮನೆಯ ನೀರು ಯಾರು ಕುಡಿಯುತ್ತಾರೆ ಅನ್ನುವ ಲೆಕ್ಕ ಪೂರ್ತಿ ಹೋಗಿಲ್ಲ. ಚರ್ಚಿನ ಬೆಂಚು ಎಲ್ಲರಿಗೂ ಒಂದೇ, ಅಲ್ಲಿ ಇದು ಗೊತ್ತಾಗುವುದಿಲ್ಲ. ಒಬ್ಬರ ಅಡುಗೆಮನೆಯಿಂದ ಬಂದ ಕಪ್ಪನ್ನು ಇನ್ನೊಬ್ಬರು ಬಾಯಿಗೆ ಇಡಬೇಕಾದಾಗ ಗೊತ್ತಾಗುತ್ತದೆ. ಅದಕ್ಕೇ ನಾನು ಗಲ್ಲಿ ಪ್ರಕಾರದ ಗುಂಪೇ ಸರಿ ಎನ್ನುವವನು. ನೆರೆಯವರನ್ನು ನಾವು ಆರಿಸಿಕೊಂಡಿಲ್ಲ, ಅವರು ಸಿಕ್ಕಿದ್ದಾರೆ. ನಿಮ್ಮ ಗುಂಪಿನಲ್ಲಿ ಎಲ್ಲರ ಮನೆಯಲ್ಲೂ ಒಂದು ಸರದಿ ಆಗಲಿ. ಒಂದೇ ಕೋಣೆಯ ಮನೆಯಾದರೂ ಆಗಲಿ. ಮಳೆಗಾಲ ಬಿಟ್ಟು ಉಳಿದಾಗ ಅಂಗಳದಲ್ಲಿ ಚಾಪೆ ಹಾಕಬಹುದಲ್ವಾ?

ದುಡ್ಡಿನ ವಿಷಯ ಚಿಕ್ಕದು. ಮನೆಕೂಟದಲ್ಲಿ ಕಾಣಿಕೆ ತಟ್ಟೆ ಬೇಡ. ಯಾರಿಗಾದರೂ ಸಹಾಯ ಮಾಡಬೇಕಾದರೆ ನೋಟ್‌ಬುಕ್ಕಿನಲ್ಲಿ ಬರೆದು, ಸಭೆಯ ಖಜಾಂಚಿಗೆ ತಿಳಿಸಿ ಕೊಡಿ. ಲೀಡರ್ ಗುಂಪಿನವರಿಗೆ ಸಾಲ ಕೊಡಬಾರದು, ಅವರಿಂದ ತೆಗೆದುಕೊಳ್ಳಲೂ ಬಾರದು. ಭೀಶಿಯನ್ನು, ಅಂದರೆ ಚೀಟಿ ವ್ಯವಹಾರವನ್ನು, ಅಲ್ಲಿ ಶುರು ಮಾಡಲೇಬೇಡಿ.

ಅಕ್ಕಪಕ್ಕದವರು ಬೇರೆ ಧರ್ಮದವರಿರುತ್ತಾರೆ. ಮೊದಲ ಕೂಟಕ್ಕೆ ಮುಂಚೆಯೇ ಹೋಗಿ, ಗುರುವಾರ ಸಂಜೆ ನಮ್ಮ ಸಭೆಯವರು ಹತ್ತು ಜನ ಬರುತ್ತಾರೆ, ಒಂದು ಗಂಟೆ ಕೂರುತ್ತೇವೆ ಎಂದು ಹೇಳಿಬನ್ನಿ. ಬಾಗಿಲು ತೆರೆದೇ ಇರಲಿ. ಮೈಕು, ಡ್ರಮ್ಮು ಬೇಡ, ಗಾಡಿ ಅವರ ಗೇಟಿನ ಮುಂದೆ ನಿಲ್ಲಿಸಬೇಡಿ. ಭಜನೆ, ಶಿವಾನುಭವ ಗೋಷ್ಠಿ ಕಂಡ ಜನ ನಮ್ಮವರು. ಮನೆಯಲ್ಲಿ ಕೂಡಿ ದೇವರ ಹೆಸರು ಹೇಳುವುದು ಅವರಿಗೆ ಹೊಸದಲ್ಲ. ಮುಚ್ಚಿದ ಬಾಗಿಲು ಅನುಮಾನ ಹುಟ್ಟಿಸುತ್ತದೆ.

ಗುಂಪು ಎಷ್ಟು ದೊಡ್ಡದಿರಬೇಕು ಎಂದರೆ, ಎಲ್ಲರೂ ಒಂದೇ ಸುತ್ತಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು. ಎಂಟರಿಂದ ಹನ್ನೆರಡು. ಹದಿನೈದು ದಾಟಿದರೆ ಹಿಂದಿನ ಸಾಲು ಹುಟ್ಟುತ್ತದೆ, ಹಿಂದಿನ ಸಾಲು ಹುಟ್ಟಿದರೆ ಮೊಬೈಲ್ ನೋಡುವವರೂ ಹುಟ್ಟುತ್ತಾರೆ. ಆಗ ಎರಡು ಮಾಡಿ. ಅಳುತ್ತಾರೆ, ಬೇಡ ಎನ್ನುತ್ತಾರೆ, ಮಾಡಿ. ಇನ್ನು ಗುಂಪೇ ಒಂದು ಸಣ್ಣ ಚರ್ಚಾಗಿ, ಲೀಡರೇ ಪಾಸ್ಟರಾಗಿ, ಭಾನುವಾರವೂ ಬೇರೆ ಕೂಡತೊಡಗಿದ ಉದಾಹರಣೆ ಬೇಕಾದಷ್ಟಿವೆ. ನಿಮ್ಮ ಯಜಮಾನರ ಸ್ವಭಾವ ನೋಡಿದರೆ ಆ ಚಿಂತೆ ನನಗಿಲ್ಲ.

ಶುರು ಎಲ್ಲಿಂದ ಎಂದರೆ, ಕೂಟದಿಂದ ಬೇಡ. ಮೊದಲ ಎರಡು ವಾರ ಯಾರನ್ನೂ ಕರೆಯಬೇಡಿ, ನೀವೇ ಹೋಗಿ. ಪಾಸ್ಟರು ಕೊಟ್ಟ ಪಟ್ಟಿ ಹಿಡಿದು ಅತ್ತೆಯವರ ಹತ್ತಿರ ಕೂತುಕೊಳ್ಳಿ. ಪಟ್ಟಿಯಲ್ಲಿ ಇರುವುದು ಹೆಸರು, ಮೊಬೈಲ್ ನಂಬರು. ಅವರು ಹಳೇ ಊರಿನ ಯಾವ ಓಣಿ, ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು, ಯಾರ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು ಅನ್ನುವುದೆಲ್ಲ ಅತ್ತೆಯವರ ತಲೆಯಲ್ಲಿದೆ. ಬರೆದುಕೊಳ್ಳಿ. ಆಮೇಲೆ ಸಂಜೆ ಬಿಸಿಲು ಇಳಿದ ಮೇಲೆ ಅವರನ್ನು ಗಾಡಿ ಮೇಲೆ ಕೂರಿಸಿಕೊಂಡು ನಿಮ್ಮ ಯಜಮಾನರು ದಿನಕ್ಕೆ ಎರಡು ಮನೆಗೆ ಹೋಗಲಿ. ಮಾತು ಅತ್ತೆಯವರು ಆಡುತ್ತಾರೆ. ಇವರು ಚಹಾ ಕುಡಿದು ಕೇಳಿಸಿಕೊಂಡರೆ ಸಾಕು.